ಸಗಣಿಯ ಲೆಕ್ಕ

ಹಬ್ಬದ ದಿನ ಸಗಣಿಯ ಉಂಡೆಗೆ ಗರಿಕೆ ಸಿಕ್ಕಿಸಿ ಬೆನಕನೆಂದು ಕೈಮುಗಿಯುವ ನಾವು, ಮರುದಿನ ಅದನ್ನೇ ತುಳಿದರೆ ಮೂಗು ಮುರಿಯುತ್ತೇವೆ. ಪೂಜೆಗೂ ಹೇಸಿಗೆಗೂ ಒದಗುವ ಈ ವಸ್ತುವಿನ ನಿಜವಾದ ಸ್ಥಾನ ಯಾವುದು? ರೈತನನ್ನು ಕೇಳಿದರೆ ತಿಪ್ಪೆ ತೋರಿಸುತ್ತಾನೆ, ಬಡ ಹೆಂಗಸು ಬೆರಣಿ ತೋರಿಸುತ್ತಾಳೆ. ಉರಿಸಿದರೆ ಗೊಬ್ಬರವಿಲ್ಲ, ಗೊಬ್ಬರ ಮಾಡಿದರೆ ಉರುವಲಿಲ್ಲ. ತಲೆಮಾರುಗಳ ಈ ಇಕ್ಕಟ್ಟನ್ನು ಬಿಡಿಸಿದ್ದು ಗೋಬರ್ ಗ್ಯಾಸು. ಗಾಳಿಯಾಡದ ಗುಂಡಿಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಸಗಣಿಯನ್ನು ಕೊಳೆಸಿ ಮೀಥೇನ್ ಬಿಡುತ್ತವೆ. ಸಾರಜನಕದ ಬಹುಪಾಲು ಬಗ್ಗಡದಲ್ಲೇ ಉಳಿದು ಹೊಲ ಸೇರುತ್ತದೆ.

ಇಷ್ಟು ಒಳ್ಳೆಯದು ಮನೆಮನೆಯಲ್ಲಿ ಏಕೆ ನೆಲೆ ನಿಲ್ಲಲಿಲ್ಲ?

ಈ ಪ್ರಶ್ನೆ ಎದ್ದಾಗಲೆಲ್ಲ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿ ನನಗೆ ನೆನಪಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ, ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಕೇಂದ್ರವನ್ನು ಹುಟ್ಟುಹಾಕಿದ ಅಮೂಲ್ಯ ರೆಡ್ಡಿಯವರೂ ಅವರ ಸಂಗಡಿಗರೂ ಅಲ್ಲಿ ಊರೊಟ್ಟಿನ ಸ್ಥಾವರ ಕಟ್ಟಿದರು. ಮೊದಲು ಎಣಿಸಿದ್ದು ಅಡುಗೆಗೆ ಅನಿಲ. ಆದರೆ ಊರಿನ ದನಗಳ ಸಗಣಿ ಎಲ್ಲರ ಒಲೆಗೆ ಸಾಲುವಂತಿರಲಿಲ್ಲ. ಸೌದೆ ಪುಳ್ಳೆ ಆಯ್ದು ತಂದು ಅಡುಗೆ ಹೇಗೋ ನಡೆಯುತ್ತಿತ್ತು. ಜನರನ್ನು ಕೇಳಿದಾಗ ಅವರು ಬಾಯಿಬಿಟ್ಟು ಹೇಳಿದ್ದು ನೀರು. 1987ರಿಂದ ಅದೇ ಅನಿಲ, ಜೊತೆಗಿಷ್ಟು ಡೀಸೆಲ್ ಕೂಡಿಸಿಕೊಂಡು, ಎಂಜಿನ್ ಓಡಿಸಿತು. ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಮನೆಗಳಲ್ಲಿ ದೀಪ ಹತ್ತಿತು.

ಈ ಕಥೆಯಲ್ಲಿ ನನಗೆ ಎಂಜಿನ್ನಿಗಿಂತ ದೊಡ್ಡದಾಗಿ ಕಾಣುವುದು ತಕ್ಕಡಿ. ಹೆಂಗಸರು ತಂದ ಸಗಣಿಯನ್ನು ತೂಗಿ ಹಣ ಕೊಡುತ್ತಿದ್ದರು. ಬಗ್ಗಡ ಮತ್ತೆ ಅವರ ಪಾಲಿಗೇ ಹೋಗುತ್ತಿತ್ತು. ಇದೇನು ಮಹಾ ಎನ್ನಬೇಡಿ. ಬೀದಿಯ ಸಗಣಿ ಆಯ್ದು ಬೆರಣಿ ತಟ್ಟಿ ಬದುಕುವವಳಿಗೆ ಅದು ಯಾರ ಹಂಗೂ ಇಲ್ಲದೆ ಸಿಗುವ ಸೊತ್ತು. ದನಕರು ಉಳ್ಳವನ ಹಿತ್ತಲಲ್ಲಿ ಗ್ಯಾಸಿನ ಗುಂಡಿ ಎದ್ದ ಮೇಲೆ ಅವಳನ್ನು ಸಗಣಿ ಮುಟ್ಟಲು ಬಿಟ್ಟಾರೆಯೇ? ಬೆಲೆಯಿಲ್ಲದಿರುವ ತನಕ ಎಲ್ಲರದಾಗಿದ್ದದ್ದು ಬೆಲೆ ಬಂದೊಡನೆ ಯಾರದಾಗುತ್ತದೆ? ಕಸದಿಂದ ರಸ ತೆಗೆದೆವೆಂದು ಹಿಗ್ಗುವ ನಾವು, ಆ ರಸ ಯಾರ ಬಟ್ಟಲಿಗೆ ಬಿತ್ತೆಂದು ಕೇಳುವುದುಂಟೇ? ಪುರದ ತಕ್ಕಡಿ ಅದನ್ನು ಕೇಳಿತ್ತು.

ಇನ್ನೊಂದು ಮಾತಿದೆ. ಸ್ವಿಚ್ಚು ಒತ್ತಿದರೆ ಕರೆಂಟು, ದುಡ್ಡು ಕೊಟ್ಟರೆ ಸಿಲಿಂಡರು. ಸಗಣಿಯ ಅನಿಲ ಹಾಗೆ ಬರುವುದಲ್ಲ. ದಿನಬೆಳಗಾದರೆ ಸಗಣಿಗೆ ಸಮಸಮ ನೀರು ಹೊಯ್ದು, ಹುಲ್ಲುಕಡ್ಡಿ ಆರಿಸಿ ತೆಗೆದು, ಗಂಟಿಲ್ಲದಂತೆ ಕೈಯಾರೆ ಕದಡಿ ಗುಂಡಿಗೆ ಬಿಡಬೇಕು. ಚಳಿಗಾಲದಲ್ಲಿ ಅನಿಲ ಕಡಿಮೆಯಾದರೆ ಗೊಣಗದೆ ಸಹಿಸಬೇಕು. ಹಟ್ಟಿಯ ದನ ಮಾರಿದರೆ ಸಗಣಿಯಿಲ್ಲ, ಮಗ ಪಟ್ಟಣ ಸೇರಿದರೆ ಮುದುಕಿಯೊಬ್ಬಳಿಂದ ಬಕೆಟ್ ಎತ್ತಲಾಗದು. ಗುಂಡಿ ಹಸಿದು ಕೂರುತ್ತದೆ. ಶಕ್ತಿಯನ್ನು ಕೊಳ್ಳಲು ನಾವು ಚೆನ್ನಾಗಿ ಕಲಿತೆವು, ಸಾಕಿಕೊಳ್ಳಲು ಕಲಿತೆವೇ? ಪುರದ ವ್ಯವಸ್ಥೆಯೂ ವರ್ಷಗಟ್ಟಲೆ ನಡೆದು ಕೊನೆಗೆ ನಿಂತಿತು. ಅದನ್ನು ಸೋಲು ಎನ್ನುವವರ ಜೊತೆ ನಾನಿಲ್ಲ. ಒಂದು ಊರು ತನ್ನ ಸಗಣಿಯಿಂದ ತಾನೇ ನೀರೆತ್ತಿಕೊಂಡ ವರ್ಷಗಳು ಕಡಿಮೆ ಗಳಿಕೆಯೇನಲ್ಲ.

ಇಂದು ನಗರಗಳು ಹಸಿ ಕಸದಿಂದ ಅನಿಲ ತೆಗೆಯಹೊರಟಿವೆ, ಒಳ್ಳೆಯದೇ. ಆದರೆ ಅಲ್ಲೂ ದಿನದಿನದ ಕೈಕೆಲಸ ತಪ್ಪದು: ಅಡುಗೆಮನೆಯಲ್ಲಿ ಬೇರೆಯಾಗದ ಪ್ಲಾಸ್ಟಿಕ್ಕು ಆ ಸ್ಥಾವರಗಳ ಹೊಟ್ಟೆ ಸೇರಿದರೆ ಎಂಥ ಯಂತ್ರವೂ ಕೆಲಸಕ್ಕೆ ಬಾರದು.

ನಿಮ್ಮೂರಿನಲ್ಲಿ ಇಂಥದೊಂದಕ್ಕೆ ಗುದ್ದಲಿ ಪೂಜೆಯ ಮಾತು ಬಂದರೆ, ಎದ್ದು ನಿಂತು ಎರಡು ಪ್ರಶ್ನೆ ಕೇಳಿ. ಸಗಣಿಯನ್ನೋ ಕಸವನ್ನೋ ತಂದುಕೊಡುವವರಿಗೆ ಏನು ಮರಳುತ್ತದೆ? ಮೂರನೆಯ ವರ್ಷದ ಬೆಳಗಿನಲ್ಲಿ ಬಕೆಟ್ ಹಿಡಿಯುವವರು ಯಾರು? ಉತ್ತರ ಸಿಗುವ ತನಕ ಸಿಮೆಂಟು ತರಿಸಬೇಡಿ.