ಶಾಸನದ ಕಲ್ಲು ಯಾರದು?

ಭೀಮಾತೀರದ ದೇವಣಗಾಂವದಿಂದ ಹೊರಟು ನದಿಯ ಎರಡೂ ದಂಡೆಗಳ ಊರುಗಳನ್ನು ನೋಡುತ್ತ ಹೋಗುವವನಿಗೆ ಗುಡಿಯ ಕಟ್ಟೆಗೆ ಆನಿಸಿ ನಿಲ್ಲಿಸಿದ ವೀರಗಲ್ಲು, ನಾಗರಕಲ್ಲು, ಅಕ್ಷರ ಸವೆದ ಶಾಸನ ಇವು ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ. ಊರವರು ಅವುಗಳಿಗೆ ಎಣ್ಣೆ ಹಚ್ಚುತ್ತಾರೆ, ಅಮಾವಾಸ್ಯೆಗೆ ಕಾಯಿ ಒಡೆಯುತ್ತಾರೆ. ಕೆಲವೆಡೆ ಅಂಥ ಕಲ್ಲೇ ಹೊಸ್ತಿಲಾಗಿ, ಅರಿವೆ ಒಗೆಯುವ ಹಾಸುಗಲ್ಲಾಗಿ ಬಿದ್ದಿರುವುದೂ ಉಂಟು. ಪಟ್ಟಣದಿಂದ ಬಂದ ಸುಶಿಕ್ಷಿತನು ಇದನ್ನು ಕಂಡು ಮರುಗುತ್ತಾನೆ. ಇಂಥ ವಸ್ತುವು ಸಂಗ್ರಹಾಲಯದಲ್ಲಿರಬೇಕಾಗಿತ್ತು, ಈ ಅಜ್ಞರ ಕೈಯಲ್ಲಲ್ಲ ಎನ್ನುತ್ತಾನೆ. ಈ ಮರುಕದಲ್ಲಿ ನ್ಯಾಯವೆಷ್ಟು, ಅಹಂಕಾರವೆಷ್ಟು ಎಂಬುದು ವಿಚಾರಾರ್ಹವಾದ ಸಂಗತಿ.

ನ್ಯಾಯವು ಇಲ್ಲವೆನ್ನಲಾಗದು. ವಿಜಾಪುರದ ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ 1892ರಲ್ಲಿ ಸ್ಥಾಪಿತವಾದ ಸಂಗ್ರಹಾಲಯವು ಇಲ್ಲದಿದ್ದರೆ ಈ ಸೀಮೆಯ ಎಷ್ಟೋ ಶಾಸನಗಳೂ ಜಿನಬಿಂಬಗಳೂ ಶೈವಮೂರ್ತಿಗಳೂ ಇಂದು ಉಳಿಯುತ್ತಿರಲಿಲ್ಲ. ಕಳ್ಳನ ಭಯವಿದೆ; ಹೊಳೆಯ ಭಯವೂ ಇದೆ. 2020ರ ಅಕ್ಟೋಬರದಲ್ಲಿ ಭೀಮೆಯು ಉಕ್ಕಿ ದಂಡೆಯ ಹಳ್ಳಿಗಳನ್ನು ಹೊಕ್ಕಾಗ ಜನರು ಮಕ್ಕಳನ್ನೂ ದನಕರುಗಳನ್ನೂ ಎತ್ತಿಕೊಂಡು ಓಡಬೇಕಾಯಿತೇ ಹೊರತು ಕಲ್ಲಿನ ಚಿಂತೆ ಯಾರಿಗಿದ್ದೀತು?

ಆದರೆ ಅಜ್ಞಾನವು ಹಳ್ಳಿಯ ಪಾಲಿಗೆ ಮಾತ್ರ ಬಂದ ಆಸ್ತಿಯಲ್ಲ. ಅದೇ ವಿಜಾಪುರದಲ್ಲಿ ಒಂದು ಮಸೀದಿಯನ್ನು ಟಪಾಲು ಕಚೇರಿಯಾಗಿಯೂ ಇನ್ನೊಂದನ್ನು ಪ್ರವಾಸಿಗಳ ಬಂಗಲೆಯಾಗಿಯೂ ಬಳಸಿದವರು ವಿದ್ಯಾವಂತರಾದ ಅಧಿಕಾರಿಗಳೇ. ಅವನ್ನು ತೆರವು ಮಾಡಿಸಲು ಲಾರ್ಡ್ ಕರ್ಜನ್ನನಂಥ ವೈಸರಾಯನೇ ಮನಸ್ಸು ಹಾಕಬೇಕಾಯಿತು. ಪ್ರಾಚೀನ ಸ್ಮಾರಕಗಳ ರಕ್ಷಣೆಯ ಕಾಯಿದೆಯು ಅವನ ಕಾಲದಲ್ಲಿಯೇ, 1904ರಲ್ಲಿ, ಬಂದಿತು.

ಈ ಪ್ರಶ್ನೆಯ ತಿರುಳೆಲ್ಲ ಸನ್ನತಿಯ ಒಂದು ಕಲ್ಲಿನಲ್ಲಿ ಅಡಗಿದೆ. ದೇವಣಗಾಂವದ ಮುಂದೆ ಹರಿಯುವ ಭೀಮೆಯೇ ಗಾಣಗಾಪುರವನ್ನು ದಾಟಿ ಕಲಬುರ್ಗಿ ಜಿಲ್ಲೆಯ ಆ ಊರನ್ನು ಮುಟ್ಟುತ್ತದೆ. ಅಲ್ಲಿಯ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯೊಂದಿತ್ತು. 1986ರಲ್ಲಿ ಅದರ ಮಾಳಿಗೆಯು ಕುಸಿದು ಮೂರ್ತಿಯು ಭಗ್ನವಾಯಿತು. ಮೂರ್ತಿಯನ್ನು ನಿಲ್ಲಿಸಿದ್ದ ಪೀಠವನ್ನು ನೋಡಲಾಗಿ ಅದು ಅಶೋಕ ಚಕ್ರವರ್ತಿಯ ಶಾಸನ! ಎರಡೂ ಮೈಗಳಲ್ಲಿ ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳು, ಅವಲ್ಲದೆ ಎರಡು ಪ್ರತ್ಯೇಕ ಶಾಸನಗಳು. ಮೂರ್ತಿಯ ಬುಡವನ್ನು ಸೇರಿಸಲು ನಟ್ಟನಡುವೆ ಚಚ್ಚೌಕವಾಗಿ ಕೊರೆದುದರಿಂದ ಅಕ್ಷರಗಳು ಹಲವು ನಷ್ಟವಾಗಿವೆ.

ಆ ಕೊರೆದ ಕುಳಿಯನ್ನು ಕಂಡು ಶಿಲ್ಪಿಯನ್ನು ಹಳಿಯುವುದು ಸುಲಭ. ಆದರೆ ಹಳಿಯುವವನು ಇನ್ನೊಂದನ್ನೂ ಎಣಿಸತಕ್ಕದ್ದು. ದೇವಿಯ ಪೀಠವಾಗಿರದಿದ್ದರೆ ಆ ಕಲ್ಲು ಯಾವ ಬಾವಿಯ ಮೆಟ್ಟಿಲಾಗಿ, ಯಾವ ಗೋಡೆಯ ಜಲ್ಲಿಯಾಗಿ ಹೋಗುತ್ತಿತ್ತೋ! ಅಕ್ಷರವನ್ನು ಕೆಡಿಸಿದ ಭಕ್ತಿಯೇ ಕಲ್ಲನ್ನು ಉಳಿಸಿತು. ಅನ್ಯರ ಮತವನ್ನು ನಿಂದಿಸದೆ ಗೌರವಿಸಬೇಕೆಂದು ಸಾರುವ ಹನ್ನೆರಡನೆಯ ಶಾಸನವು ಇನ್ನೊಂದು ಮತದ ದೇವತೆಯನ್ನು ಹೊತ್ತು ನಿಂತಿದ್ದುದಂತೂ ಯಾವ ಕವಿಯೂ ಕಲ್ಪಿಸಲಾರದ ಯೋಗ. ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಲ್ಲಿ ಮಹಾಸ್ತೂಪವೂ, ‘ರಾಯೋ ಅಸೋಕೋ’ ಎಂದು ಹೆಸರು ಕೊರೆದ ಅರಸನ ಶಿಲ್ಪವೂ ದೊರೆತುವು. ಅದನ್ನು ಮಣ್ಣು ಕಾಯ್ದಿತ್ತು. ಇದನ್ನು ಮನುಷ್ಯರು ಕಾಯ್ದಿದ್ದರು.

ಕಾಯ್ದವನಿಗೆ ಸಿಗುವುದೇನು? ಕೇಂದ್ರ ಸರಕಾರವು ಸಂರಕ್ಷಿಸಿದ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು, ಅದರಾಚೆಯ 200 ಮೀಟರಿನಲ್ಲಿ ಅಪ್ಪಣೆಯಿಲ್ಲದೆ ಕಟ್ಟಕೂಡದು ಎಂದು 1958ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯು ಹೇಳುತ್ತದೆ. ನಿಯಮವು ಅನ್ಯಾಯದ್ದಲ್ಲ. ಆದರೂ ಮಗನ ಮದುವೆಗೆಂದು ಒಂದು ಕೋಣೆ ಏರಿಸಬೇಕೆಂದವನು ಆ ಗೆರೆಯೊಳಗೆ ಸಿಕ್ಕಿಬಿದ್ದರೆ, ಪ್ರವಾಸಿಯ ಆನಂದಕ್ಕೆ ಸಾಲದ ಬಡ್ಡಿ ತೆರುವವನು ಅವನೇ. ಸಿಕ್ಕ ಕಲ್ಲೆಲ್ಲ ಸಂರಕ್ಷಿತ ಸ್ಮಾರಕವಾಗದೆಂಬುದನ್ನು ವಕೀಲನು ಬಲ್ಲನು. ನೇಗಿಲಿಗೆ ಶಾಸನ ತಗುಲಿದ ಒಕ್ಕಲಿಗನಿಗೆ ಹೊಲ ಹೋದೀತೆಂಬ ಅಂಜಿಕೆಯೇ ಮುಂದಾಗಿ, ಅವನು ಅದನ್ನು ಮತ್ತೆ ಮಣ್ಣಿಗೆ ಮುಚ್ಚಿದರೆ ತಪ್ಪು ಅವನೊಬ್ಬನದೇ? ನಾರಾಯಣಪುರ ಅಣೆಕಟ್ಟಿನ ನೀರು ಏರುವಾಗ ಕೂಡಲಸಂಗಮದ ಐಕ್ಯಮಂಟಪವನ್ನು ಇದ್ದಲ್ಲಿಯೇ ಇರಿಸಿ ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿ ಕಾಯ್ದರು. ಅದು ಯೋಗ್ಯವೇ ಆಯಿತು. ಹಳೆಯ ಬಾಗಲಕೋಟೆಯ ಕೇರಿಗಳ ಜನರಿಗೆ ಅಂಥ ಗೋಡೆ ದೊರೆಯಲಿಲ್ಲ.

ಹೀಗಿರುವಲ್ಲಿ ಕಲ್ಲನ್ನು ಒಯ್ಯಬೇಕೋ ಬಿಡಬೇಕೋ ಎಂಬ ವಾದವು ಅರ್ಧ ಮಾತ್ರವೇ ಆಗುತ್ತದೆ. ಒಯ್ಯುವ ಸಂದರ್ಭ ಬಂದೀತು. ಒಯ್ದ ಮೇಲೆ ಊರಿಗೆ ಏನನ್ನು ಬಿಟ್ಟು ಬಂದರು ಎಂಬುದನ್ನು ಕೇಳುವವರು ಕಡಿಮೆ. ಇಂಡಿ ತಾಲೂಕಿನ ಸಾಲೋಟಗಿಯ ಕ್ರಿ. ಶ. 945ರ ಸ್ತಂಭಶಾಸನವನ್ನು ನೋಡಬಹುದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳ ವಿದ್ಯಾರ್ಥಿಗಳು ಅಲ್ಲಿ ನೆಲೆಸಿದ್ದರು. ಶಾಲೆಗೆ 500 ನಿವರ್ತನ ಭೂಮಿ, ವಸತಿಗೆ 27 ಮನೆಗಳು, ದೀಪದ ಎಣ್ಣೆಗೆಂದೇ 12 ನಿವರ್ತನ. ಇಷ್ಟೇ ಅಲ್ಲದೆ ಮದುವೆಗೆ ಐದು ನಾಣ್ಯ, ಮುಂಜಿಗೆ ಅದರರ್ಧ, ಚೌಲಕ್ಕೆ ಇನ್ನೂ ಕಡಿಮೆ ಎಂದು ಕಟ್ಟುಪಾಡಾಗಿತ್ತು. ಇದನ್ನು ವಿದ್ವಾಂಸರು ಓದಿ ಅಚ್ಚು ಹಾಕಿಸಿ ಶತಮಾನಕ್ಕೂ ಮಿಕ್ಕಿದೆ. ಇಂದು ಆ ಊರಿನಲ್ಲಿ ಮಗಳ ಮದುವೆ ಮಾಡುವ ತಂದೆಗೆ, ಸಾವಿರ ವರ್ಷದ ಹಿಂದೆ ತನ್ನಂಥವನು ಪರದೇಶದ ಹುಡುಗರ ಓದಿಗೆ ಐದು ನಾಣ್ಯ ಕೊಟ್ಟಿದ್ದನೆಂಬುದನ್ನು ತಿಳಿಸುವ ಹೊಣೆ ಯಾರದು? ಅಂಚೆಯ ಖರ್ಚಿಗಿಂತ ಹೆಚ್ಚಿನದನ್ನೇನೂ ಅದು ಬೇಡದು.

ಸನ್ನತಿಯ ಕಲ್ಲಿನ ಮೇಲಿರುವ ಪ್ರತ್ಯೇಕ ಶಾಸನಗಳಲ್ಲಿ ಚಕ್ರವರ್ತಿಯ ಒಂದು ಆಜ್ಞೆಯಿದೆ. ತಿಷ್ಯ ನಕ್ಷತ್ರದ ದಿನಗಳಲ್ಲಿ ಈ ಲೇಖವನ್ನು ಜನರು ಕೇಳುವಂತಾಗಬೇಕು. ಕೇಳುವವನು ಒಬ್ಬನೇ ಇದ್ದರೂ ಸರಿ. ಆ ಗುಡಿಯಲ್ಲಿ ದಿನವೂ ಗಂಟೆ ಬಾರಿಸಿದ ಪೂಜಾರಿಗಾಗಲಿ, ಕೈಮುಗಿದು ನಿಂತ ಊರವರಿಗಾಗಲಿ ಅದು ಒಂದು ಸಲವೂ ಕೇಳಿಸಿರಲಿಲ್ಲ.