*ಖಾಲಿ ಕೊಡ ಕಂಡವರು ತುಂಬಲಿ*

🪷 *ಇಂದಿನ ಧಮ್ಮಚಿಂತನೆ*


ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಸಾಫ್ಟ್‌ವೇರ್ ಡೆವಲಪರ್. ಐದು ಜನರ ತಂಡ, ಐವರೂ ಐದು ಊರಲ್ಲಿ. ಆಫೀಸು ಇಲ್ಲ, ತಲೆಯ ಮೇಲೆ ನಿಂತು ನೋಡುವ ಮ್ಯಾನೇಜರ್ ಇಲ್ಲ. ಯಾವ ಕೆಲಸ ಮೊದಲು, ಯಾರು ಮಾಡಬೇಕು ಎಂಬುದನ್ನು ಅವರೇ ಕೂಡಿ ತೀರ್ಮಾನಿಸುತ್ತಾರೆ. ಅವನು ಫೋನಿನಲ್ಲಿ ಕೇಳಿದ: “ಸರ್, ನಮ್ಮನ್ನ ಕೇಳೋರೇ ಇಲ್ಲ. ಇದು ಸ್ವಾತಂತ್ರ್ಯಾನೋ ಒಂಟಿತನಾನೋ ಗೊತ್ತಾಗ್ತಿಲ್ಲ. ಧಮ್ಮದಲ್ಲಿ ಇದಕ್ಕೇನಾದ್ರೂ ಇದೆಯಾ?”

ಇದೆ. ಮಜ್ಝಿಮ ನಿಕಾಯದ 31ನೇ ಸುತ್ತದಲ್ಲಿ ಗೋಸಿಂಗ ಸಾಲವನದ ಮೂವರು ಭಿಕ್ಖುಗಳು ಬರುತ್ತಾರೆ: ಅನುರುದ್ಧ, ನಂದಿಯ, ಕಿಂಬಿಲ. ಭಗವಾನರು ಅಲ್ಲಿಗೆ ಹೋಗಿ, ಹೊಂದಿಕೊಂಡು ಬಾಳುತ್ತಿದ್ದೀರಾ ಎಂದು ವಿಚಾರಿಸುತ್ತಾರೆ. ಅವರ ಉತ್ತರ ಬಹಳ ಸರಳ. ಭಿಕ್ಷೆಯಿಂದ ಮೊದಲು ಮರಳಿದವನು ಆಸನ ಹಾಸಿ ನೀರಿಡುತ್ತಾನೆ. ಕೊನೆಗೆ ಬಂದವನು ಎಲ್ಲ ಎತ್ತಿಟ್ಟು ಗುಡಿಸುತ್ತಾನೆ. ನೀರಿನ ಕೊಡ ಖಾಲಿಯಾದದ್ದನ್ನು ಯಾರು ಕಂಡರೋ ಅವರೇ ತುಂಬುತ್ತಾರೆ. ಒಬ್ಬನಿಗೆ ಭಾರವಾದರೆ ಕೈಸನ್ನೆ ಮಾಡಿ ಇನ್ನೊಬ್ಬನನ್ನು ಕರೆಯುತ್ತಾನೆ. ಐದು ದಿನಕ್ಕೊಮ್ಮೆ ಇಡೀ ರಾತ್ರಿ ಕೂತು ಧಮ್ಮ ಚರ್ಚಿಸುತ್ತಾರೆ.

ಅಲ್ಲಿ ಮೇಸ್ತ್ರಿ ಇಲ್ಲ, ಹಾಜರಿ ಪುಸ್ತಕವಿಲ್ಲ. ಆದರೂ ಕೊಡ ಖಾಲಿ ಉಳಿಯುವುದಿಲ್ಲ. ಯಾರೂ ನೋಡದಿದ್ದಾಗಲೂ ನಡೆಯುವುದೇ ಶೀಲ. ದೂರದಲ್ಲಿ ಕೂತು ಕೆಲಸ ಮಾಡುವವರಿಗೂ ಇಷ್ಟೇ ಬೇಕು. ಕೆಟ್ಟುನಿಂತ ಪ್ರೋಗ್ರಾಮ್ ಕಂಡವನು ‘ಅದು ನನ್ನ ಪಾಲಿನದಲ್ಲ’ ಎನ್ನದೆ ಕೈಹಚ್ಚಬೇಕು. ಕೆಲಸ ನಿಲ್ಲಿಸುವಾಗ ಮುಂದಿನವರಿಗಾಗಿ ನಾಲ್ಕು ಸಾಲು ಬರೆದಿಡಬೇಕು. ಭಾರವಾದಾಗ ನಾಚಿಕೆಪಡದೆ ಕರೆಯಬೇಕು. ಕರೆಯದೆ ಒಬ್ಬನೇ ಹೊತ್ತರೆ ಸ್ವಾತಂತ್ರ್ಯವೂ ಒಂಟಿತನವಾಗುತ್ತದೆ.

ಆ ಹುಡುಗ ಇನ್ನೊಂದು ಮಾತು ಹೇಳಿದ: “ಕ್ಯಾಮೆರಾ ಆಫ್ ಇದ್ರೆ ಯಾರೂ ಊರು, ಕೇರಿ ಕೇಳಲ್ಲ ಸರ್. ಅದೇ ನೆಮ್ಮದಿ.” ಆ ನೆಮ್ಮದಿಯ ಬೆಲೆ ನಮಗೆಲ್ಲ ಗೊತ್ತು. ಆದರೆ ಮರೆಯಾಗಿರುವುದು ಬೇರೆ, ಸಮಾನರಾಗಿರುವುದು ಬೇರೆ. ಸಾಫ್ಟ್‌ವೇರಿಗೆ ಹೆಸರಾದ ಅಮೆರಿಕದ ಸಿಯಾಟಲ್ ನಗರವೇ 2023ರಲ್ಲಿ ಜಾತಿ ತಾರತಮ್ಯವನ್ನು ಕಾನೂನಿನ ಮೂಲಕ ನಿಷೇಧಿಸಬೇಕಾಯಿತು. ಜಾತಿ ಸಮುದ್ರವನ್ನೇ ದಾಟಿದೆ, ಪರದೆಯನ್ನು ದಾಟುವುದಿಲ್ಲವೇ?

ಬುದ್ಧರು ಏನು ಮಾಡಿದರು ನೋಡಿ. ಶಾಕ್ಯ ಕುಮಾರರು ಸಂಘ ಸೇರಲು ಬಂದಾಗ ಅವರ ಜೊತೆ ಕ್ಷೌರಿಕ ಉಪಾಲಿಯೂ ಇದ್ದ. ಭಗವಾನರು ಉಪಾಲಿಯ ಕಸುಬನ್ನು ಮುಚ್ಚಿಡಲಿಲ್ಲ. ಅವನಿಗೇ ಮೊದಲು ದೀಕ್ಷೆ ಕೊಟ್ಟರು. ಕುಮಾರರು ಅವನಿಗೆ ತಲೆಬಾಗಬೇಕಾಯಿತು. ಆ ಕುಮಾರರಲ್ಲಿ ಇದೇ ಅನುರುದ್ಧ, ಇದೇ ಕಿಂಬಿಲ ಇದ್ದರು! ಮೊದಲು ಕ್ಷೌರಿಕನಿಗೆ ಬಾಗಿದ ತಲೆಗಳೇ ಆಮೇಲೆ ಯಾರೂ ಹೇಳದೆ ಕೊಡ ಹೊತ್ತವು. ರಾಜಗೃಹದ ಮೊದಲ ಸಂಗೀತಿಯಲ್ಲಿ ಇಡೀ ವಿನಯವನ್ನು ಹೇಳಿದವರು ಅದೇ ಉಪಾಲಿ.

ಡೆವಲಪರುಗಳಲ್ಲಿ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ಒಪ್ಪಿದ ಮೇಲೆ ಸೇರಿಸುವ ಪದ್ಧತಿಯಿದೆ. ಕಿರಿಯನು ತೋರಿಸಿದ ತಪ್ಪನ್ನು ಹಿರಿಯನು ಮುಖ ಗಂಟಿಕ್ಕದೆ ತಿದ್ದಿಕೊಂಡರೆ, ಅದು ಉಪಾಲಿಗೆ ಸಂದ ನಮಸ್ಕಾರವೇ. ಹೆಸರು, ಕೇರಿ ತಿಳಿದ ಮೇಲೂ ಆ ನಮಸ್ಕಾರ ನಿಲ್ಲದಿದ್ದರೆ ಮಾತ್ರ ಅದು ನಿಜವಾದ ತಂಡ.

1949ರ ನವೆಂಬರ್ 25ರಂದು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ಭಿಕ್ಖು ಸಂಘಗಳನ್ನು ನೆನಪಿಸಿದರು. ನಿರ್ಣಯ, ಕೋರಂ, ಗುಪ್ತ ಮತದಾನ, ಎಲ್ಲಕ್ಕೂ ಅಲ್ಲಿ ನಿಯಮಗಳಿದ್ದವು. ಒಡೆಯನಿಲ್ಲದ ಕಡೆ ನಿಯಮ ಬೇಡವೆಂದಲ್ಲ. ಎಲ್ಲರೂ ಕೂಡಿ ಒಪ್ಪಿದ ನಿಯಮವೇ ಅಲ್ಲಿ ಒಡೆಯ.

*ಇಂದಿನ ಅಭ್ಯಾಸ:* ಮನೆಯಲ್ಲಿ, ಕೆಲಸದಲ್ಲಿ, ವಿಹಾರದಲ್ಲಿ ಖಾಲಿ ಕೊಡವೊಂದು ಕಂಡರೆ, ಯಾರ ಸರದಿ ಎಂದು ಕೇಳದೆ ತುಂಬೋಣ. ಭಾರವಾದರೆ ಪಕ್ಕದವರನ್ನು ಕರೆಯೋಣ.

ಜೈ ಭೀಮ್. ನಮೋ ಬುದ್ಧಾಯ. 🙏