ವೇಷದ ಮಾತು, ಮನೆಯ ಮಾತು

ನಟನು ಮೀಸೆ ಅಂಟಿಸಿಕೊಂಡರೆ ನಾವು ಯಾರೂ ಅವನನ್ನು ಸುಳ್ಳುಗಾರನೆನ್ನುವುದಿಲ್ಲ. ಬಡವನೊಬ್ಬ ರಾಜನ ಪೋಷಾಕು ತೊಟ್ಟು ಬಂದರೆ ಚಪ್ಪಾಳೆ ತಟ್ಟುತ್ತೇವೆ. ಆದರೆ ನಮ್ಮೂರಿನ ಹುಡುಗನೊಬ್ಬ ಕಿರುತೆರೆಯ ಧಾರಾವಾಹಿಯಲ್ಲಿ ಕಾಣಿಸಿಕೊಂಡು, ‘ಬರ್ತೇನೆ’ ಎನ್ನಬೇಕಾದಲ್ಲಿ ‘ಬರ್ತೀನಿ’ ಎಂದನೋ, ‘ನೋಡಿದಿರಾ, ಬೆಂಗಳೂರಿಗೆ ಹೋದದ್ದೇ ತಡ, ಮಾತೇ ಬದಲಾಯಿತು’ ಎಂದು ಮೂಗು ಮುರಿಯುತ್ತೇವೆ. ಮೀಸೆಗೆ ಸಿಕ್ಕುವ ಕ್ಷಮೆ ನಾಲಗೆಗೆ ಏಕೆ ಸಿಕ್ಕುವುದಿಲ್ಲ? ಮಾತಿನ ಧಾಟಿಯು ಅಂಗಿಯಂತೆ ಕಳಚಿಡಬಹುದಾದ ವಸ್ತುವೆ, ಅಥವಾ ಮೈಬಣ್ಣದಂತೆ ಮನುಷ್ಯನೊಡನೆಯೇ ಬಂದದ್ದೆ?

ಮೊದಲು ನಟನ ಪಕ್ಷವನ್ನು ಕೇಳೋಣ. ಧಾರಾವಾಹಿಯೊಂದರಲ್ಲಿ ತಾಯಿಯ ಪಾತ್ರ ವಹಿಸುವವರು ಮೈಸೂರಿನವರು, ಮಗ ಬಂಟ್ವಾಳದವನು, ಮಗಳು ಹುಬ್ಬಳ್ಳಿಯವಳು ಎಂದಿಟ್ಟುಕೊಳ್ಳಿ. ತಾಯಿ ‘ಇದೆ’ ಎಂದು, ಮಗ ‘ಉಂಟು’ ಎಂದು, ಮಗಳು ‘ಐತಿ’ ಎಂದರೆ ಇದು ಸಂಸಾರವೋ ಛತ್ರವೋ ಎಂಬ ಸಂಶಯ ನೋಡುವವರಿಗೆ ಬಾರದೆ ಇರದು. ಒಂದೇ ಒಲೆಯ ಅನ್ನ ಉಂಡವರು ಒಂದೇ ಧಾಟಿಯಲ್ಲಿ ಆಡಬೇಕಾದದ್ದು ಕಥೆಯ ನ್ಯಾಯ. ಇಂಗ್ಲೆಂಡಿನ ಹ್ಯೂ ಲಾರಿ 2004ರಿಂದ 2012ರವರೆಗೆ ‘ಹೌಸ್’ ಎಂಬ ಧಾರಾವಾಹಿಯಲ್ಲಿ ಅಮೆರಿಕದ ವೈದ್ಯನಾಗಿ ಅಲ್ಲಿಯದೇ ಉಚ್ಚಾರದಲ್ಲಿ ಮಾತಾಡಿದರು. ಅದನ್ನು ಜನ ವಿದ್ಯೆಯೆಂದರೇ ಹೊರತು ದ್ರೋಹವೆನ್ನಲಿಲ್ಲ. ನಮ್ಮ ಶಂಕರನಾಗ್ 1980ರ ದಶಕದಲ್ಲಿ ಘಟ್ಟದ ಮೇಲಿನ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರಿಸಿದಾಗ ಕನ್ನಡದ ನಟರೇ ಹಿಂದಿಯಲ್ಲಿ ಸಂಭಾಷಿಸಿದರು. ಸ್ವಾಮಿ ಹಿಂದಿ ಆಡುವುದೇಕೆಂದು ಯಾರೂ ಜಗಳಕ್ಕೆ ಬರಲಿಲ್ಲ. ಇಷ್ಟರಮಟ್ಟಿಗೆ ಧಾಟಿಯೂ ವೇಷವೇ. ಅದನ್ನು ಬದಲಿಸುವುದು ಸುಳ್ಳಾದರೆ ನಟನೆಯೇ ಸುಳ್ಳು.

ಹಾಗಾದರೆ ಮೂಗು ಮುರಿಯುವವರಲ್ಲಿ ಬರಿಯ ಹೊಟ್ಟೆಕಿಚ್ಚೇ ಇದೆಯೆ? ಇಲ್ಲವೆಂದು ನನ್ನ ಎಣಿಕೆ.

ಫರಂಗಿಪೇಟೆಯ ಬಸ್ಸು ನಿಲ್ದಾಣದಲ್ಲಿ ಕಾಲು ಗಂಟೆ ನಿಂತರೆ ತುಳು, ಕೊಂಕಣಿ, ಬ್ಯಾರಿ ಮೂರೂ ಕಿವಿಗೆ ಬೀಳುತ್ತವೆ. ಕನ್ನಡ ಇಲ್ಲಿ ಬಹುಮಂದಿಗೆ ತೊಟ್ಟಿಲಿನಿಂದ ಬಂದದ್ದಲ್ಲ, ಪಾಠಪುಸ್ತಕದಿಂದ ಬಂದದ್ದು. ಆದಕಾರಣ ನಮ್ಮ ಕನ್ನಡಕ್ಕೆ ಅಚ್ಚಿನ ವಾಸನೆ ಇನ್ನೂ ಹೋಗಿಲ್ಲ. ‘ಹೋಗಲಿಕ್ಕುಂಟು’ ಎಂದು ಅಕ್ಷರ ನುಂಗದೆ ಹೇಳುತ್ತೇವೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು ಈ ಕಡೆಯಿಂದ. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಮಂಗಳೂರಿನಲ್ಲೇ. ಇಷ್ಟೆಲ್ಲ ಇದ್ದೂ, ಬಹುಕಾಲ ಕನ್ನಡ ಚಿತ್ರಗಳಲ್ಲಿ ಮಂಗಳೂರ ಕನ್ನಡ ಬಾಯಿ ತೆರೆದರೆ ಅದು ಅಡಿಗೆ ಭಟ್ಟನದೋ ಹೋಟೆಲಿನ ಮಾಲಿಕನದೋ ಆಗಿರುತ್ತಿತ್ತು. ಪ್ರೀತಿಸುವವನು, ನ್ಯಾಯ ಹೇಳುವವನು, ಸಾಯುವ ಮುನ್ನ ಮಗನಿಗೆ ಬುದ್ಧಿ ಹೇಳುವವನು ಆ ಧಾಟಿಯಲ್ಲಿ ಮಾತಾಡುವುದು ಅಪರೂಪ. ಕಿರುತೆರೆ ಈ ಪದ್ಧತಿಯನ್ನೇ ಬಳುವಳಿಯಾಗಿ ಪಡೆಯಿತು.

ನೋವಿನ ಬುಡ ಇಲ್ಲಿದೆ. ಬಂಟ್ವಾಳದವನು ಬೆಂಗಳೂರಿನವನಾಗಬೇಕಾದರೆ ತಿಂಗಳುಗಟ್ಟಲೆ ನಾಲಗೆ ತಿದ್ದಿಕೊಳ್ಳಬೇಕು. ಬೆಂಗಳೂರಿನವನು ಬಂಟ್ವಾಳದವನಾಗಲು ವಾಕ್ಯಕ್ಕೊಂದು ‘ಮಾರಾಯ’ ಸೇರಿಸಿದರೆ ಸಾಕೆಂದು ತಿಳಿದಿದ್ದಾನೆ. ವೇಷ ಬದಲಿಸುವ ಶ್ರಮ ಇಬ್ಬರಿಗೂ ಸಮನಾಗಿದ್ದರೆ ನನ್ನ ತಕರಾರೇ ಇರುತ್ತಿರಲಿಲ್ಲ.

ಇದೊಂದು ನಮ್ಮ ನಾಡಿನದೇ ರೋಗವಲ್ಲ. ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ, ಯಾರ್ಕ್‌ಷೈರಿನ ವಿಲ್ಫ್ರೆಡ್ ಪಿಕಲ್ಸ್ ಎಂಬವರು ಬಿ.ಬಿ.ಸಿ.ಯಲ್ಲಿ ತಮ್ಮೂರಿನ ಧಾಟಿಯಲ್ಲಿ ವಾರ್ತೆ ಓದಿದಾಗ ಕೇಳುಗರಿಂದ ಆಕ್ಷೇಪಣೆಗಳು ಬಂದವು. ವಾರ್ತೆ ಅದೇ, ಬಾಯಿ ಬೇರೆ. ಕೆಲವರಿಗೆ ವಾರ್ತೆಯ ಮೇಲಿನ ನಂಬಿಕೆಯೇ ಅಲುಗಿತು! ಸತ್ಯಕ್ಕೂ ಒಂದು ಉಚ್ಚಾರವುಂಟೆಂದು ಜನ ನಂಬಿಬಿಟ್ಟರೆ, ಆ ಉಚ್ಚಾರವಿಲ್ಲದವನ ಸತ್ಯದ ಗತಿ ಏನು?

ಇಲ್ಲಿ ನನಗೆ ಯಕ್ಷಗಾನದ ನೆನಪಾಗದೆ ಇರದು. ನಮ್ಮ ತೆಂಕುತಿಟ್ಟಿನ ವೇಷಧಾರಿಗಳಲ್ಲಿ ಅನೇಕರ ಮನೆಮಾತು ತುಳು. ತುಳುವಿನ ದೇಶ್ಯ ಶಬ್ದಗಳಲ್ಲಿ ಮಹಾಪ್ರಾಣಕ್ಕೆ ಎಡೆಯಿಲ್ಲ. ಆದರೂ ರಂಗಸ್ಥಳದಲ್ಲಿ ಅದೇ ಮನುಷ್ಯ ಭೀಮನಾಗಿ ನಿಂತಾಗ ‘ಭ’ಕಾರ ಚೆಂಡೆಯಂತೆ ಮೊಳಗುತ್ತದೆ, ಒಂದು ಇಂಗ್ಲಿಷ್ ಶಬ್ದ ನುಸುಳಿದರೂ ಸಭೆ ಸಹಿಸದು. ಇದೂ ನಾಲಗೆಯ ಬದಲಾವಣೆಯೇ, ಧಾರಾವಾಹಿಯದಕ್ಕಿಂತ ದೊಡ್ಡದು. ಹಾಗಿದ್ದೂ ಇದರಿಂದ ಯಾರ ಮಾನವೂ ಕುಂದುವುದಿಲ್ಲ. ಏಕೆಂದರೆ ಆ ಗ್ರಾಂಥಿಕ ಕನ್ನಡ ಯಾರ ಮನೆಮಾತೂ ಅಲ್ಲ. ತುಳುವನೂ ಹವ್ಯಕನೂ ಮಲೆಯಾಳ ಮನೆಮಾತಿನವನೂ ಅದರ ಮುಂದೆ ಒಂದೇ ಸಾಲಿನ ವಿದ್ಯಾರ್ಥಿಗಳು. ಧಾರಾವಾಹಿಯ ಕನ್ನಡವಾದರೋ ಒಂದು ಸೀಮೆಯ ಮನೆಮಾತು. ಅವರು ಮನೆಯ ಅಂಗಿಯಲ್ಲೇ ರಂಗಕ್ಕೆ ಬರುತ್ತಾರೆ. ಉಳಿದವರು ಅಂಗಿ ಕಳಚಿ ಬರಬೇಕು.

ಆಟವನ್ನು ಹೊಗಳುವ ಭರದಲ್ಲಿ ಒಂದನ್ನು ಮುಚ್ಚಿಡಬಾರದು. ಅಲ್ಲಿಯೂ ಹಾಸ್ಯಗಾರನ ಬಾಯಿಗೆ ಬಂದು ಬೀಳುವುದು ಮನೆಯ ಧಾಟಿಗಳೇ: ಕೊಂಕಣಿಗನ ಕನ್ನಡ, ಬ್ಯಾರಿಯ ಕನ್ನಡ. ಸಭೆ ನಗುತ್ತದೆ, ನಾನೂ ನಗುತ್ತೇನೆ. ಆ ಸಭೆಯಲ್ಲಿ ಕುಳಿತ ಕೊಂಕಣಿಗನೋ ಬ್ಯಾರಿಯೋ ಎಷ್ಟು ನಕ್ಕಾನು ಎಂಬುದು ಬೇರೆ ಮಾತು.

ಈಚೆಗೆ ಗಾಳಿ ಕೊಂಚ ತಿರುಗಿದೆ. 2014ರ ‘ಉಳಿದವರು ಕಂಡಂತೆ’, 2017ರ ‘ಒಂದು ಮೊಟ್ಟೆಯ ಕಥೆ’, 2022ರ ‘ಕಾಂತಾರ’ ಇವುಗಳಲ್ಲಿ ಕರಾವಳಿಯವರು ಕರಾವಳಿಯವರಂತೆಯೇ ಮಾತಾಡಿದರು. ಎರಡನೆಯದರ ನಾಯಕ ಮಂಗಳೂರಿನ ಕನ್ನಡ ಉಪನ್ಯಾಸಕ, ತಲೆಯಲ್ಲಿ ಕೂದಲಿಲ್ಲ. ನಮ್ಮ ವೃತ್ತಿಯವರು ಅದನ್ನು ತುಸು ಸಂಕೋಚದಿಂದಲೇ ನೋಡಿದೆವು. ಅವನ ಧಾಟಿ ಕೇಳಿ ನಗು ಬರಲಿಲ್ಲ. ನಕ್ಕದ್ದು, ಮರುಗಿದ್ದು ಅವನ ಪಾಡಿಗೆ. ಧಾರಾವಾಹಿಗಳಿಗೆ ಈ ಗಾಳಿ ಅಷ್ಟಾಗಿ ತಟ್ಟಿದಂತಿಲ್ಲ.

ನನಗೆ ನಟರಿಗಿಂತ ಹೆಚ್ಚು ಚಿಂತೆ ನೋಡುವ ಮಕ್ಕಳದು. ತರಗತಿಯಲ್ಲಿ ಒಬ್ಬ ಹುಡುಗಿ ‘ಉಂಟು’ ಎಂದು ಹೇಳಹೊರಟು ತಡೆದು ‘ಇದೆ’ ಎಂದಳು. ‘ಉಂಟು’ ಹಳಗನ್ನಡದಿಂದ ಬಂದ ಶಬ್ದವೆಂದು ನಾನು ಪಾಠ ಹೇಳುವವನು. ಆದರೆ ಸಂಜೆ ಏಳು ಗಂಟೆಗೆ ಅವಳಿಗೆ ಪಾಠ ಹೇಳುವವರು ಬೇರೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಟನಾಗಬೇಕೆಂದು ಬೆಂಗಳೂರಿಗೆ ಹೋಗಿ ಮೂರು ತಿಂಗಳು ಕೋಣೆಯಲ್ಲಿ ಕುಳಿತು ‘ಬರ್ತೀನಿ, ಹೋಗೋಣ’ ಎಂದು ಜಪಿಸಿದ. ಕೊನೆಗೆ ಸಿಕ್ಕಿದ ಪಾತ್ರ ಮಂಗಳೂರಿನ ಅಡಿಗೆಯವನದು. ಅವನು ಸಹಜವಾಗಿ ಮಾತಾಡಿದಾಗ, ‘ಸಾಲದು, ಇನ್ನೂ ಸ್ವಲ್ಪ ಮಂಗಳೂರು ಮಾಡಿ’ ಎಂದರಂತೆ. ಮಾಡಿದ. ಹಬ್ಬಕ್ಕೆ ಊರಿಗೆ ಬಂದಾಗ ಅವನ ತಾಯಿ ತುಳುವಿನಲ್ಲಿ ಕೇಳಿದರಂತೆ: ‘ನೀನು ಅದರಲ್ಲಿ ಯಾವ ಊರಿನವನು?’